ತೆರೆದ ಜಂತೆ: ಕಲ್ಲು ಮರವನ್ನು ಅನುಕರಿಸಿತೆಂಬ ವಾದದ ವಿಮರ್ಶೆ

೧

ಭಾರತೀಯ ವಾಸ್ತುವನ್ನು ಕುರಿತ ಗ್ರಂಥಗಳಲ್ಲಿ ಒಂದು ಮಾತು ಶತಮಾನಕ್ಕೂ ಮಿಕ್ಕಿ ಕೈಯಿಂದ ಕೈಗೆ ಸಾಗಿಬಂದಿದೆ. ನಮ್ಮ ಪ್ರಾಚೀನರು ಮೊದಲು ಮರದಲ್ಲಿ ಕಟ್ಟುತ್ತಿದ್ದರು. ಕಲ್ಲಿಗೆ ಕೈಹಾಕಿದಾಗ ಹಳೆಯ ಅಭ್ಯಾಸವನ್ನು ಬಿಡಲಾರದೆ ಮರದ ರೂಪಗಳನ್ನೇ ಕಲ್ಲಿನಲ್ಲಿ ಅನುಕರಿಸಿದರು. ಆದಕಾರಣ ಮರವನ್ನು ಹೆಚ್ಚು ಹೋಲುವ ಕಟ್ಟಡವು ಹೆಚ್ಚು ಹಳೆಯದು, ಕಡಿಮೆ ಹೋಲುವುದು ಈಚಿನದು. ಇದೇ ಆ ಮಾತು. ಜೇಮ್ಸ್ ಫರ್ಗ್ಯುಸನ್ ಅವರು ೧೮೭೬ರಲ್ಲಿ ಪ್ರಕಟಿಸಿದ ಭಾರತೀಯ ಮತ್ತು ಪೌರಸ್ತ್ಯ ವಾಸ್ತುವಿನ ಇತಿಹಾಸದಲ್ಲಿ ಇದಕ್ಕೆ ಸಿದ್ಧಾಂತದ ಗಾಂಭೀರ್ಯವು ದೊರೆಯಿತು. ಅನಂತರದ ಪಠ್ಯಪುಸ್ತಕಗಳು ಇದನ್ನು ಹೆಚ್ಚಿನ ಪರೀಕ್ಷೆಗೆ ಒಳಪಡಿಸದೆ ಸ್ವೀಕರಿಸಿದುವು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಪರೀಕ್ಷೆಯ ಉತ್ತರಗಳಲ್ಲಿ ಇಂದಿಗೂ ಇದನ್ನೇ ಬರೆಯುತ್ತಾರೆ.

ಈ ವಾದದಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳುವುದಿಲ್ಲ. ಕಲ್ಲಿನ ಕಟ್ಟಡಕ್ಕಿಂತ ಮೊದಲು ಮರದ ಕಟ್ಟಡವಿತ್ತೆಂಬುದು ನಿರ್ವಿವಾದವಾದ ಸಂಗತಿ. ನಮ್ಮ ಆಕ್ಷೇಪಣೆಯು ಎರಡು ಬಗೆಯದು. 'ಅನುಕರಣೆ' ಎಂಬ ಒಂದೇ ಪದವು ಪರಸ್ಪರ ಭಿನ್ನವಾದ ಹಲವು ಸಂಗತಿಗಳನ್ನು ಮುಚ್ಚಿಬಿಡುತ್ತದೆ ಎಂಬುದು ಮೊದಲನೆಯದು. ಆ ಪದವನ್ನು ಕಾಲನಿರ್ಣಯದ ಅಳತೆಗೋಲನ್ನಾಗಿ ಹಿಡಿದುದರಿಂದ ಕರ್ನಾಟಕದ ವಾಸ್ತುಚರಿತ್ರೆಗೆ ಹಾನಿಯಾಗಿದೆ ಎಂಬುದು ಎರಡನೆಯದು.

ಪ್ರಕೃತ ಲೇಖನದಲ್ಲಿ ಛಾವಣಿಯ ಒಂದೇ ಅಂಗವನ್ನು, ಎಂದರೆ ಒಳಗಿನಿಂದಾಗಲಿ ಸೂರಿನ ಅಡಿಯಿಂದಾಗಲಿ ಕಣ್ಣಿಗೆ ಕಾಣುವಂತೆ ಬಿಟ್ಟ ಜಂತೆಯನ್ನು, ಆಯ್ದುಕೊಂಡು ಈ ವಾದವನ್ನು ಪರೀಕ್ಷಿಸುತ್ತೇವೆ. ದೇವಾಲಯಗಳಲ್ಲಿ ನಮಗೆ ಉಳಿದಿರುವುದು ಕಲ್ಲು ಮಾತ್ರ. ಜಂತೆಯು ಮರದಲ್ಲಿ ಏನು ಕೆಲಸ ಮಾಡುತ್ತದೆಂಬುದನ್ನು ಮರವು ಇನ್ನೂ ಉಳಿದಿರುವೆಡೆಯಲ್ಲಿಯೇ ಕಲಿಯಬೇಕು. ಆದುದರಿಂದ ನಮ್ಮ ಪರೀಕ್ಷೆಯು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮಾಳಿಗೆಮನೆಯಿಂದ ಆರಂಭವಾಗುತ್ತದೆ.

೨

ಕೊಂಡ್ಲಹಳ್ಳಿ ಮೊದಲಾದ ಗ್ರಾಮಗಳಿರುವ ಈ ಸೀಮೆಯು ರಾಜ್ಯದ ಅತಿ ಕಡಿಮೆ ಮಳೆಯ ಪ್ರದೇಶಗಳಲ್ಲಿ ಒಂದು. ವರ್ಷದ ಮಳೆಯು ಸುಮಾರು ೫೦೦ ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ಮಲೆನಾಡಿನ ಆಗುಂಬೆಯಲ್ಲಿ ಇದು ೭,೦೦೦ ಮಿಲಿಮೀಟರನ್ನು ಮೀರುವುದುಂಟು. ಈ ಒಂದು ವ್ಯತ್ಯಾಸದಿಂದಲೇ ಎರಡು ಬಗೆಯ ಛಾವಣಿಗಳು ಹುಟ್ಟಿವೆ. ಅಲ್ಲಿ ನೀರು ಬಿದ್ದೊಡನೆ ಜಾರಿಹೋಗಬೇಕು. ಆದುದರಿಂದ ಕಡಿದಾದ ಇಳಿಜಾರು, ಪಕ್ಕಾಸು, ರೀಪು, ಹಂಚು. ಇಲ್ಲಿ ಬಿಸಿಲನ್ನು ತಡೆಯಬೇಕು; ಆದುದರಿಂದ ದಪ್ಪನಾದ ಮಣ್ಣಿನ ಮಟ್ಟಸವಾದ ಮಾಳಿಗೆ. ಆಂಧ್ರಕ್ಕೆ ಹೊಂದಿಕೊಂಡ ಈ ಗಡಿಯಲ್ಲಿ ಕನ್ನಡದ ಮಾಳಿಗೆಗೆ ತೆಲುಗಿನವರು ಮಿದ್ದೆಯೆನ್ನುತ್ತಾರೆ, ತೊಲೆಗೆ ದೂಲವೆನ್ನುತ್ತಾರೆ, ವಸ್ತು ಒಂದೇ.

ಮಾಳಿಗೆಯ ರಚನೆಯನ್ನು ಕೆಳಗಿನಿಂದ ಮೇಲಕ್ಕೆ ಹೀಗೆ ವಿವರಿಸಬಹುದು. ಕಲ್ಲುಮಣ್ಣಿನ ಗೋಡೆಗಳ ನಡುವೆ ಕಂಬಗಳು. ಕಂಬದ ತಲೆಯ ಮೇಲೆ ಎರಡು ಕಡೆಗೂ ಚಾಚಿದ ಬೋದಿಗೆ. ಬೋದಿಗೆಯ ಮೇಲೆ ತೊಲೆ. ತೊಲೆಯಿಂದ ಗೋಡೆಗೆ ಅಥವಾ ತೊಲೆಯಿಂದ ತೊಲೆಗೆ ಅಡ್ಡಲಾಗಿ ಒತ್ತೊತ್ತಾಗಿ ಜೋಡಿಸಿದ ಜಂತೆಗಳು. ಅವುಗಳ ಮೇಲೆ ಬಿದಿರಿನ ದಬ್ಬೆ ಇಲ್ಲವೆ ಕಡ್ಡಿ. ಅದರ ಮೇಲೆ ಸೊಪ್ಪು. ಅದರ ಮೇಲೆ ತುಳಿದು ಹದಮಾಡಿದ ಮಣ್ಣು. ಎಲ್ಲಕ್ಕೂ ಮೇಲೆ ಚೌಳುಮಣ್ಣು. ಈ ಚೌಳುಮಣ್ಣು ಲವಣಯುಕ್ತವಾದದ್ದು. ನೆನೆದೊಡನೆ ಅದರ ಕಣಗಳು ಬಿಡಿಬಿಡಿಯಾಗಿ ಹರಡಿ ರಂಧ್ರಗಳನ್ನು ಮುಚ್ಚುವುದರಿಂದ ನೀರು ಕೆಳಕ್ಕೆ ಇಂಗುವುದಿಲ್ಲ. ಬೆಳೆಗೆ ಬಾರದ ಮಣ್ಣು ಮನೆಗೆ ಬರುತ್ತದೆ. ಮಳೆಗಾಲಕ್ಕೆ ಮುಂಚೆ ಅದನ್ನು ಹೊಸದಾಗಿ ಹಾಕಿ ಬಡಿಯುವುದು ರೂಢಿ.

ಇಲ್ಲಿ ಗಮನಾರ್ಹವಾದುದು ಭಾರ. ಮಣ್ಣಿನ ಹೊದಿಕೆಯು ಹಂಚಿಗಿಂತ ಬಹಳ ತೂಕವುಳ್ಳದ್ದು. ವರ್ಷವರ್ಷವೂ ಮೇಲುಮಣ್ಣು ಬೀಳುವುದರಿಂದ ಆ ತೂಕವು ಬೆಳೆಯುತ್ತಲೂ ಹೋಗುತ್ತದೆ. ಬಯಲುನಾಡಿನಲ್ಲಿ ಉದ್ದವಾದ ದಪ್ಪಮರವು ದುರ್ಲಭ. ಬೇವು, ಜಾಲಿ ಮುಂತಾದ ಗಿಡ್ಡಮರಗಳಿಂದಲೇ ಕೆಲಸವನ್ನು ಸಾಗಿಸಬೇಕು. ದಪ್ಪಮರವಿಲ್ಲದವನು ಸಣ್ಣಮರವನ್ನು ಹತ್ತಿರ ಹತ್ತಿರವಾಗಿ ಇಡಬೇಕಾಗುತ್ತದೆ. ಪಡಸಾಲೆಯಲ್ಲಿ ನಿಂತು ಮೇಲೆ ನೋಡಿದವನಿಗೆ ಕಾಣುವ ಜಂತೆಗಳ ಆ ನಿಬಿಡವಾದ ಸಾಲು, ಬೆಳಕಿಂಡಿಯ ಬೆಳಕಿನಲ್ಲಿ ಒಂದು ಬೆಳಗಿ ಒಂದು ಮಬ್ಬಾಗಿ ತೋರುವ ಆ ಲಯ, ಅಲಂಕಾರಕ್ಕೆಂದು ಮಾಡಿದುದಲ್ಲ. ಭಾರ ಮತ್ತು ಮರದ ಅಭಾವ ಇವೆರಡರ ಲೆಕ್ಕಾಚಾರದಿಂದ ಅದು ಬಂದಿದೆ. ಆದರೂ ಅದು ಅಲಂಕಾರವೇ. ಕಟ್ಟಿದವನಿಗೆ ಅದು ಗೊತ್ತಿತ್ತೆಂಬುದಕ್ಕೆ ಸಾಕ್ಷ್ಯವುಂಟು: ಅನುಕೂಲಸ್ಥರ ಮನೆಗಳಲ್ಲಿ ಎದುರುಗೊಳ್ಳುವ ಪಡಸಾಲೆಯ ಜಂತೆಗಳನ್ನು ಚೌಕನಾಗಿ ಕೆತ್ತಿ ನಯಮಾಡುತ್ತಿದ್ದರು, ಅಡಿಗೆಮನೆ, ದನದ ಕೊಟ್ಟಿಗೆಗಳಲ್ಲಿ ತೊಗಟೆ ತೆಗೆದ ದುಂಡುಮರವನ್ನೇ ಇಡುತ್ತಿದ್ದರು. ಹೊರುವ ಕೆಲಸವು ಎರಡು ಕಡೆಯೂ ಒಂದೇ. ಕಾಣುವ ಕೆಲಸ ಮಾತ್ರ ಬೇರೆ.

ತೆರೆದ ಜಂತೆಯು ಮನೆಯ ಬಾಳಿಗೂ ಆಧಾರವಾಗಿತ್ತು. ತೊಟ್ಟಿಲನ್ನೂ ನೆಲುವನ್ನೂ ಅದಕ್ಕೆ ತೂಗುಹಾಕುತ್ತಿದ್ದರು. ಬಿತ್ತನೆಯ ತೆನೆಯನ್ನು ಹೊಗೆ ತಾಗುವಂತೆ ಕಟ್ಟುತ್ತಿದ್ದರು. ಮದುವೆಯ ಬಾಸಿಂಗವು ತೊಲೆಯಲ್ಲಿಯೇ ವರ್ಷಗಟ್ಟಲೆ ಉಳಿಯುತ್ತಿತ್ತು. ಮೊಳಕಾಲ್ಮೂರು ರೇಷ್ಮೆಸೀರೆಗೆ ಹೆಸರಾದ ಸೀಮೆ. ನೇಕಾರನ ಗುಂಡಿಮಗ್ಗವು ನೆಲದಲ್ಲಿದ್ದರೂ ಅದರ ಮೇಲಿನ ಸಲಕರಣೆಗಳು ಜೋಲುವುದು ಮಾಳಿಗೆಯ ಮರದಿಂದ. 'ಉಂಡ ಮನೆಯ ಜಂತೆ ಎಣಿಸಬಾರದು' ಎಂಬ ಗಾದೆಯನ್ನು ನೀತಿಯ ಮಾತೆಂದು ಎಲ್ಲರೂ ಬಲ್ಲರು. ಇತಿಹಾಸಕಾರನಿಗೆ ಅದು ವಾಸ್ತುವಿನ ದಾಖಲೆಯೂ ಹೌದು. ಜಂತೆಯು ತೆರೆದಿದ್ದ ಮನೆಯಲ್ಲಿ ಮಾತ್ರ ಅದನ್ನು ಎಣಿಸಲು ಸಾಧ್ಯ. ಎಣಿಸಿದರೆ ಮನೆಯ ವಿಸ್ತಾರವೂ ಯಜಮಾನನ ಸ್ಥಿತಿಯೂ ತಿಳಿದುಬರುತ್ತಿದ್ದುದರಿಂದಲೇ ಆ ನಿಷೇಧವು ಹುಟ್ಟಿತು.

೩

ಹೊರುತ್ತ ಕಾಣುವ ಮರವು ಹೇಗಿರುತ್ತದೆಂಬುದನ್ನು ಕಂಡೆವು. ಈಗ ಪ್ರಸಿದ್ಧವಾದ ಪ್ರಾಚೀನ ಉದಾಹರಣೆಗಳನ್ನು ಇದರ ಪಕ್ಕದಲ್ಲಿಟ್ಟು ನೋಡೋಣ.

ಮಹಾರಾಷ್ಟ್ರದ ಕಾರ್ಲೆಯ ಚೈತ್ಯಗುಹೆಯು ಕ್ರಿಸ್ತಶಕದ ಆದಿಭಾಗಕ್ಕೆ ಸೇರಿದುದು. ಅದು ಕನ್ನಡಿಗರಿಗೆ ಹೊರಗಿನದಲ್ಲ. ಆ ಶಿಲಾಗೃಹವನ್ನು ಪೂರ್ಣಗೊಳಿಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲನೆಂದು ಅಲ್ಲಿನ ಶಾಸನವು ತಿಳಿಸುತ್ತದೆ. ವೈಜಯಂತಿಯೆಂದರೆ ನಮ್ಮ ಬನವಾಸಿಯೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿದ್ದಾರೆ. ಬೆಟ್ಟವನ್ನೇ ಕೊರೆದು ಮಾಡಿದ ಆ ಕಮಾನು ಛಾವಣಿಯ ಒಳಮೈಗೆ ನಿಜವಾದ ಮರದ ಬಾಗುಜಂತೆಗಳನ್ನು ಸಾಲಾಗಿ ಕೂಡಿಸಿದ್ದಾರೆ. ಅವು ಇಂದಿಗೂ ಉಳಿದಿವೆ. ಅವು ಹೊರುವ ಭಾರವು ಏನೂ ಇಲ್ಲ. ಅವನ್ನು ತೆಗೆದರೆ ಬೆಟ್ಟವು ಕುಸಿಯುವುದಿಲ್ಲ. ಇಲ್ಲಿ ಕಲ್ಲು ಮರವನ್ನು ಅನುಕರಿಸಿತೆಂದು ಹೇಳುವಂತಿಲ್ಲ, ಏಕೆಂದರೆ ಮರವೇ ಅಲ್ಲಿದೆ. ಮರವು ತನ್ನ ಹೊರುವ ಕೆಲಸವನ್ನು ಬಿಟ್ಟು ಸಭಾಭವನದ ಲಕ್ಷಣವಾಗಿ ಮಾತ್ರ ನಿಂತಿದೆ. ಅನಂತರದ ಅಜಂತೆಯ ೧೯ ಮತ್ತು ೨೬ನೆಯ ಗುಹೆಗಳಲ್ಲಿ ಅದೇ ಬಾಗುಜಂತೆಗಳನ್ನು ಬಂಡೆಯಲ್ಲಿಯೇ ಕಡೆದರು. ಹಾಗಾದರೆ ಮರಕ್ಕೆ ಹೆಚ್ಚು ಸಮೀಪವಾದ ರೂಪವು ಹಳೆಯದೆಂಬ ಸೂತ್ರವು ಇಲ್ಲಿ ಸರಿಯಾಯಿತಲ್ಲವೆ ಎಂದು ಕೇಳಬಹುದು. ಈ ಒಂದು ಪಂಕ್ತಿಯಲ್ಲಿ ಸರಿಯಾಯಿತು. ಎಲ್ಲ ಪಂಕ್ತಿಗಳಲ್ಲಿಯೂ ಸರಿಯಾಗುತ್ತದೆಂದು ಭಾವಿಸಿದುದರಲ್ಲಿ ದೋಷವಿದೆ. ಅದಕ್ಕೆ ಐಹೊಳೆಯೇ ನಿದರ್ಶನ.

ಐಹೊಳೆಯ ಲಾಡಖಾನ್ ಗುಡಿಯನ್ನು ಕಾಣದ ವಿದ್ಯಾರ್ಥಿಯಿಲ್ಲ. ದೇವಾಲಯಕ್ಕೆ ಈ ಹೆಸರು ಬಂದುದು ಹಿಂದೆ ಅಲ್ಲಿ ವಾಸವಾಗಿದ್ದ ವ್ಯಕ್ತಿಯಿಂದ. ಅದರ ಛಾವಣಿಯು ನಡುವೆ ಮಟ್ಟಸವಾಗಿದ್ದು ಸುತ್ತಲೂ ಎರಡು ಹಂತಗಳಲ್ಲಿ ಇಳಿಯುತ್ತದೆ. ಇಳಿಜಾರಿನ ದೊಡ್ಡ ಚಪ್ಪಡಿಗಳ ಸಂದುಗಳ ಮೇಲೆ ದಿಮ್ಮಿಯನ್ನು ಹೋಲುವ ಉದ್ದನೆಯ ಕಿರಿಗಲ್ಲುಗಳನ್ನು ಸಾಲಾಗಿ ಮಲಗಿಸಿದ್ದಾರೆ. ಹೆನ್ರಿ ಕಸಿನ್ಸ್ ಅವರು ೧೯೨೬ರಲ್ಲಿ ಪ್ರಕಟವಾದ ತಮ್ಮ ಚಾಲುಕ್ಯವಾಸ್ತುವಿನ ಗ್ರಂಥದಲ್ಲಿ ಈ ಗುಡಿಯನ್ನು ಕ್ರಿ.ಶ. ೪೫೦ರ ಸುಮಾರಿಗೆ ಇಟ್ಟರು. ಮರದ ಮಂಟಪದ ಈ ಹೋಲಿಕೆ ಮತ್ತು ಕಟ್ಟಡದ ಒರಟುತನ ಆ ನಿರ್ಣಯದ ಹಿಂದಿದ್ದುವು. ಊರಿನ ಸಭಾಮಂಟಪವೇ ಗುಡಿಯಾಯಿತೆಂಬ ಊಹೆಯೂ ಬೆಳೆಯಿತು. ಆದರೆ ಈಚಿನ ವಿದ್ವಾಂಸರಲ್ಲಿ ಬಹುಮಂದಿ ಇದನ್ನು ಏಳನೆಯ ಶತಮಾನದ ಕೊನೆ ಅಥವಾ ಎಂಟನೆಯ ಶತಮಾನದ ಆದಿಗೆ ತಂದಿದ್ದಾರೆ. ಎರಡೂವರೆ ಶತಮಾನಗಳ ಅಂತರವಿದು. ಎಂದರೆ, ಬಾದಾಮಿಯ ಗುಹೆಗಳನ್ನು ಕಡೆದು, ಮರದ ಗಂಧವೂ ಇಲ್ಲದ ಶಿಖರಗಳನ್ನು ಎತ್ತಬಲ್ಲವರಾಗಿದ್ದ ಶಿಲ್ಪಿಗಳ ಕಾಲದಲ್ಲಿಯೇ ಈ 'ಮರದಂತಹ' ಕಟ್ಟಡವೂ ಎದ್ದಿತು.

ಆ ಕಿರಿಗಲ್ಲುಗಳ ಕೆಲಸವೇನೆಂದು ಕೇಳಿದ್ದರೆ ಈ ತಪ್ಪಿಗೆ ಅವಕಾಶವಾಗುತ್ತಿರಲಿಲ್ಲ. ಎರಡು ಚಪ್ಪಡಿಗಳು ಕೂಡುವ ಸಂದಿನಲ್ಲಿ ನೀರು ಇಳಿಯುತ್ತದೆ. ಸಂದಿನ ಮೇಲೆ ಇನ್ನೊಂದು ಕಲ್ಲನ್ನು ಮಲಗಿಸಿದರೆ ನೀರು ಅಕ್ಕಪಕ್ಕದ ಚಪ್ಪಡಿಯ ಮೇಲೆ ಹರಿದುಹೋಗುತ್ತದೆ. ಇದು ಕಲ್ಲಿನ ಛಾವಣಿಯ ಸಮಸ್ಯೆಗೆ ಕಲ್ಲು ಕೊಟ್ಟ ಉತ್ತರ. ಮತ್ತೊಂದು ಅಂಶವನ್ನೂ ಗಮನಿಸಬೇಕು. ಮರದ ಛಾವಣಿಯಲ್ಲಿ ಜಂತೆಯಿರುವುದು ಹೊದಿಕೆಯ ಕೆಳಗೆ. ಇಲ್ಲಿ ಕಿರಿಗಲ್ಲು ಇರುವುದು ಹೊದಿಕೆಯ ಮೇಲೆ. ಮಾಳಿಗೆಮನೆಯಲ್ಲಿ ಒಮ್ಮೆ ತಲೆಯೆತ್ತಿ ನೋಡಿದವನು ಇವೆರಡನ್ನು ಒಂದೆಂದು ಹೇಳಲಾರನು. ನೋಟದ ಹೋಲಿಕೆಯನ್ನು ಕೆಲಸದ ಹೋಲಿಕೆಯೆಂದು ಭ್ರಮಿಸಿದುದರ ಫಲವೇ ಆ ಕಾಲನಿರ್ಣಯ.

೪

ಮೂರನೆಯ ನಿದರ್ಶನವು ವಿಜಯನಗರದ್ದು. ಹಂಪೆಯ ವಿಠ್ಠಲ ದೇವಾಲಯದ ಮಹಾಮಂಟಪದ ಸುತ್ತ ಮುಂಚಾಚಿ ಬಾಗಿರುವ ದಪ್ಪನೆಯ ಸೂರಿನ ಅಡಿಯಲ್ಲಿ ನಿಂತು ನೋಡಿದರೆ, ಸಾಲುಜಂತೆಗಳನ್ನೂ ಅವುಗಳಿಗೆ ಅಡ್ಡಲಾದ ಪಟ್ಟಿಗಳನ್ನೂ ಕಲ್ಲಿನಲ್ಲಿಯೇ ಬಿಡಿಸಿರುವುದು ಕಾಣುತ್ತದೆ. ಈ ಜಂತೆಗಳು ಏನನ್ನೂ ಹೊರುವುದಿಲ್ಲ. ಅವು ತಾವೇ ಸೂರಿನ ಚಪ್ಪಡಿಯ ಭಾಗಗಳು. ಅನುಕರಣೆಯೆಂಬ ಪದವು ಯಾವುದಕ್ಕಾದರೂ ಸಲ್ಲುವುದಾದರೆ ಇದಕ್ಕೆ ಸಲ್ಲಬೇಕು. ಆದರೆ ಇದು ಹದಿನಾರನೆಯ ಶತಮಾನದ ಕೆಲಸ. ಅಷ್ಟು ಹೊತ್ತಿಗೆ ಕರ್ನಾಟಕದಲ್ಲಿ ಕಲ್ಲಿನ ದೇವಾಲಯಗಳು ಹುಟ್ಟಿ ಸುಮಾರು ಸಾವಿರ ವರ್ಷಗಳಾಗಿದ್ದುವು. ಸಾವಿರ ವರ್ಷಗಳ ಅನಂತರವೂ ಶಿಲ್ಪಿಯು ಹಳೆಯ ಅಭ್ಯಾಸವನ್ನು ಬಿಡಲಾರದವನಾಗಿದ್ದನೆ?

ಅಭ್ಯಾಸಬಲವೇ ಕಾರಣವಾಗಿದ್ದರೆ ಒಳಛಾವಣಿಯಲ್ಲಿಯೂ ಜಂತೆಗಳಿರಬೇಕಾಗಿತ್ತು. ನಮ್ಮ ಮುಖ್ಯವಾದ ವಾದವು ಇದೇ. ಕರ್ನಾಟಕದ ಮಂಟಪಗಳ ಒಳಗೆ ಮೇಲೆ ನೋಡಿದರೆ ಕಾಣುವುದು ಸಾಮಾನ್ಯವಾಗಿ ಜಂತೆಗಳ ಸಾಲಲ್ಲ. ಪದ್ಮ, ದಿಕ್ಪಾಲಕರ ಚೌಕಗಳು, ಅಥವಾ ಮೂಲೆಗಳಿಗೆ ಅಡ್ಡಗಲ್ಲುಗಳನ್ನಿಟ್ಟು ಚೌಕವನ್ನು ಕಿರಿದುಮಾಡುತ್ತ ಮೇಲೇರಿಸಿದ ಭುವನೇಶ್ವರಿ. ೧೧೧೭ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವನ ನವರಂಗವು ಇದರ ಉತ್ಕೃಷ್ಟ ಮಾದರಿ. ಕಾರಣವು ಸರಳ. ಬಾಗುವ ಭಾರವನ್ನು ಮರವು ತಾಳಿಕೊಳ್ಳುವಂತೆ ಕಲ್ಲು ತಾಳಿಕೊಳ್ಳಲಾರದು. ಆದುದರಿಂದ ಕಲ್ಲಿನ ಮಂಟಪದಲ್ಲಿ ಕಂಬಗಳು ಹತ್ತಿರವಾಗಿರಬೇಕು. ಕಂಬಗಳು ಹತ್ತಿರವಾದಾಗ ತೊಲೆಯಿಂದ ತೊಲೆಗೆ ಚಪ್ಪಡಿಯೇ ಮುಟ್ಟುತ್ತದೆ. ನಡುವೆ ಜಂತೆಯ ಅಗತ್ಯವೇ ಇಲ್ಲ. ಅಗತ್ಯವಿಲ್ಲವೆಂದು ಕಂಡೊಡನೆ ಶಿಲ್ಪಿಯು ಒಳಗಿನ ಜಂತೆಯನ್ನು ಕೈಬಿಟ್ಟನು. ಹೊರಗಿನ ಸೂರಿನಲ್ಲಿ ಮಾತ್ರ ಅದನ್ನು ಉಳಿಸಿಕೊಂಡನು. ಬೇಕಾದೆಡೆ ಇಟ್ಟು ಬೇಡವಾದೆಡೆ ಬಿಟ್ಟವನನ್ನು ಅನುಕರಣಶೀಲನೆಂದು ಕರೆಯುವುದು ನ್ಯಾಯವಲ್ಲ. ಅವನು ಆಯ್ಕೆ ಮಾಡಿದವನು.

ಸೂರಿನಲ್ಲಿ ಏಕೆ ಉಳಿಸಿಕೊಂಡನು? ವಿಜಯನಗರದ ಅರಮನೆಗಳನ್ನು ನೆನೆದರೆ ಉತ್ತರವು ಹೊಳೆಯುತ್ತದೆ. ರಾಜಪ್ರಾಂಗಣದಲ್ಲಿ ಇಂದು ಉಳಿದಿರುವುದು ಕಲ್ಲಿನ ಜಗತಿಗಳು. ಸಭಾಮಂಟಪವೆನ್ನಲಾದ ಜಗತಿಯ ಮೇಲೆ ನೂರು ಕಂಬಗಳ ನೆಲೆಗಳನ್ನು ಎಣಿಸಬಹುದು. ಮೇಲಿದ್ದ ಮರದ ಕಟ್ಟಡವು ೧೫೬೫ರ ಅನಂತರದ ನಾಶದಲ್ಲಿ ಹೋಯಿತು. ಸುಮಾರು ೧೫೨೦ರಲ್ಲಿ ನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅರಮನೆಯ ಒಂದು ಕೊಠಡಿಯಲ್ಲಿ ಗೋಡೆಗಳಿಗಷ್ಟೇ ಅಲ್ಲದೆ ಮೇಲಿನ ಅಡ್ಡತೊಲೆಗಳನ್ನು ಹೊತ್ತ ಕಂಬಗಳಿಗೂ ದಂತದ ಹೂಗಳನ್ನೂ ತಾವರೆಗಳನ್ನೂ ಇಟ್ಟಿದ್ದುದನ್ನು ವರ್ಣಿಸಿದ್ದಾನೆ. ಎಂದರೆ, ಕಲ್ಲಿನ ಸೂರನ್ನು ಕಡೆಯುತ್ತಿದ್ದ ಶಿಲ್ಪಿಯ ಕಣ್ಣೆದುರಿಗೆ ಮರದ ವೈಭವವು ಜೀವಂತವಾಗಿತ್ತು. ಅವನು ಸತ್ತುಹೋದ ಹಳೆಯ ಪದ್ಧತಿಯನ್ನು ನೆನೆದುಕೊಂಡು ಕಡೆಯಲಿಲ್ಲ. ಅರಸನ ಮನೆಗೆ ಸಲ್ಲುವ ಗೌರವವನ್ನು ದೇವರ ಮನೆಗೂ ಸಲ್ಲಿಸಿದನು. ಪಾಂಚಾಳ ಸಮುದಾಯದಲ್ಲಿ ಬಡಗಿಯೂ ಕಲ್ಲುಕುಟಿಗನೂ ಒಂದೇ ಬಳಗದವರೆಂಬುದನ್ನೂ ಇಲ್ಲಿ ಸ್ಮರಿಸಬೇಕು. ಒಬ್ಬನ ಕೆಲಸವು ಇನ್ನೊಬ್ಬನಿಗೆ ಅಪರಿಚಿತವಾಗಿರಲಿಲ್ಲ.

೫

ಈ ಪ್ರಶ್ನೆಯು ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ. ರೋಮಿನ ವಿಟ್ರೂವಿಯಸ್ಸನು ಗ್ರೀಕ್ ದೇವಾಲಯದ ಸೂರಿನಡಿಯ ಕಲ್ಲಿನ ಫಲಕಗಳನ್ನು ಮರದ ಜಂತೆಗಳಿಂದಲೇ ಬಂದುವೆಂದು ವಿವರಿಸಿ, ಮರದಲ್ಲಿ ಸಂಭವಿಸಲಾರದುದನ್ನು ಕಲ್ಲಿನಲ್ಲಿ ತೋರಿಸುವುದು ತಪ್ಪೆಂದು ವಿಧಿಸಿದನು. ಈ ವಿದ್ಯೆಯಲ್ಲಿ ಬೆಳೆದ ಐರೋಪ್ಯ ವಿದ್ವಾಂಸರು ನಮ್ಮ ಗುಡಿಗಳನ್ನು ಕಂಡಾಗ ಅದೇ ಸೂತ್ರವನ್ನು ಹಚ್ಚಿದುದು ಸ್ವಾಭಾವಿಕ. ಆದರೆ ಜಪಾನಿನ ಅನುಭವವು ಬೇರೆಯಾಗಿದೆ. ಅಲ್ಲಿನ ದೇವಾಲಯಗಳಲ್ಲಿ ಸುಮಾರು ಹತ್ತನೆಯ ಶತಮಾನದಿಂದ ಎರಡು ಛಾವಣಿಗಳನ್ನು ಕಟ್ಟುವ ಕ್ರಮವು ಬೆಳೆಯಿತು: ಮೇಲೆ ಮರೆಯಲ್ಲಿ ಭಾರ ಹೊರುವ ಛಾವಣಿ, ಕೆಳಗೆ ಕಣ್ಣಿಗೆ ಕಾಣುವ ಅಂದವಾದ ಜಂತೆಗಳು. ಮರವು ಮರವಾಗಿಯೇ ಇದ್ದುಕೊಂಡು, ಕಲ್ಲಿನ ಸೋಂಕಿಲ್ಲದೆಯೇ, ಹೊರುವುದು ಮತ್ತು ಕಾಣುವುದು ಎರಡಾಗಿ ಒಡೆದುವು. ಆದುದರಿಂದ ಈ ಒಡಕಿಗೆ ಕಾರಣವು ಮರದಿಂದ ಕಲ್ಲಿಗೆ ಬಂದುದು ಮಾತ್ರವೇ ಎಂದು ಹೇಳಲಾಗದು.

ಹಾಗಾದರೆ ಒಂದು ಪದಕ್ಕೆ ಬದಲಾಗಿ ನಾಲ್ಕು ಸಂಗತಿಗಳನ್ನು ಬೇರ್ಪಡಿಸಿಕೊಳ್ಳಬೇಕೆಂಬುದು ನಮ್ಮ ಸೂಚನೆ: ಹೊರುತ್ತ ಕಾಣುವ ಜಂತೆ, ಮಾಳಿಗೆಮನೆಯಲ್ಲಿರುವಂತೆ, ಹೊರದೆ ಕಾಣುವ ಮರ, ಕಾರ್ಲೆಯಲ್ಲಿರುವಂತೆ, ಮರದಂತೆ ಕಂಡರೂ ತನ್ನದೇ ಕೆಲಸ ಮಾಡುವ ಕಲ್ಲು, ಐಹೊಳೆಯಲ್ಲಿರುವಂತೆ, ತಿಳಿದೇ ಮರವನ್ನು ಉಲ್ಲೇಖಿಸುವ ಕಲ್ಲು, ಹಂಪೆಯಲ್ಲಿರುವಂತೆ. ಮೊದಲನೆಯದನ್ನು ತಿಳಿಯದೆ ಉಳಿದ ಮೂರನ್ನು ಬೇರ್ಪಡಿಸಲು ಸಾಧ್ಯವಿಲ್ಲ.

ಇಂದಿನ ನಗರಗಳ ಕೆಲವು ಹೋಟೆಲುಗಳಲ್ಲಿ ಕಾಂಕ್ರೀಟಿನ ತಾರಸಿಯ ಅಡಿಗೆ ಮರದ ಪಟ್ಟಿಗಳನ್ನು ಹೊಡೆದು ಹಳ್ಳಿಮನೆಯ ನೋಟವನ್ನು ತರುವ ರೂಢಿಯುಂಟು. ಅವೂ ಹೊರದ ಜಂತೆಗಳೇ. ಕಾರ್ಲೆಯವಕ್ಕೂ ಇವಕ್ಕೂ ಭೇದವೇನೆಂದು ವಿದ್ಯಾರ್ಥಿಗಳು ಕೇಳಬಹುದು. ಕಾರ್ಲೆಯನ್ನು ಕಡೆಸಿದವರ ಕಾಲದಲ್ಲಿ ಹೊರುವ ಜಂತೆಯು ಊರೂರಿನಲ್ಲಿತ್ತು. ನೋಡಿದವನು ಎರಡನ್ನೂ ಹೋಲಿಸಿ ತಿಳಿಯಬಲ್ಲವನಾಗಿದ್ದನು. ಇಂದು ಮೂಲವನ್ನು ಕೆಡವುತ್ತಿರುವ ಕಾಲದಲ್ಲಿಯೇ ನೆರಳನ್ನು ತೂಗುಹಾಕುತ್ತಿದ್ದೇವೆ. ಮೂಲವನ್ನು ಕಾಣದ ಕಣ್ಣಿಗೆ ನೆರಳಿನ ಅರ್ಥವಾಗದು.

೬

ನಮ್ಮ ವಾದಕ್ಕೆ ಒಂದು ಮಿತಿಯನ್ನೂ ಹೇಳಿಬಿಡಬೇಕು. ಮೊಳಕಾಲ್ಮೂರು ಸೀಮೆಯ ಇಂದಿನ ಮಾಳಿಗೆಯನ್ನು ಚಾಲುಕ್ಯರ ಕಾಲದ ಮನೆಯ ಯಥಾಪ್ರತಿಯೆಂದು ಯಾರೂ ಭಾವಿಸಬಾರದು. ಮಣ್ಣಿನ ಛಾವಣಿಯಲ್ಲಿ ಜಂತೆಯ ತುದಿಯು ಗೋಡೆಯೊಳಗೆ ತೇವದಿಂದ ಕೊಳೆಯುತ್ತದೆ. ಕೊಳೆತುದನ್ನು ಒಂದೊಂದಾಗಿ ಬದಲಿಸುತ್ತಾರೆ. ಒಂದೇ ಪಡಸಾಲೆಯಲ್ಲಿ ಅಜ್ಜನ ಕಾಲದ ಜಂತೆಯೂ ಮೊಮ್ಮಗನ ಕಾಲದ್ದೂ ಅಕ್ಕಪಕ್ಕದಲ್ಲಿರಬಹುದು. ಈ ಮನೆಗಳಿಂದ ನಾವು ಕಲಿಯಬೇಕಾದುದು ಭಾರ, ಅಂತರ, ಮರ ಮತ್ತು ನೋಟ ಇವುಗಳ ಸಂಬಂಧವನ್ನು. ಆ ಸಂಬಂಧವು ಯಾವ ಶತಮಾನದಲ್ಲಿಯೂ ಒಂದೇ.

ಇದೇ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಅಶೋಕನ ಶಾಸನವನ್ನು ಬೆಳಕಿಗೆ ತಂದರು. ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಅಲ್ಲಿ ಉತ್ಖನನ ನಡೆಸಿದರು. ಅಂದಿನಿಂದ ಎಷ್ಟೋ ತಂಡಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ಸೀಮೆಯ ಹಳ್ಳಿಗಳನ್ನು ದಾಟಿ ಬ್ರಹ್ಮಗಿರಿಗೆ ಹೋಗಿಬಂದಿದ್ದಾರೆ. ದಾರಿಯಲ್ಲಿದ್ದ ಮನೆಗಳ ಅಳತೆಯನ್ನು ತೆಗೆಯಬೇಕೆಂದು ನಮ್ಮ ಇತಿಹಾಸ ವಿಭಾಗಗಳಿಗೆ ತೋರಲಿಲ್ಲ. ೧೯೫೮ರ ಕೇಂದ್ರ ಸ್ಮಾರಕ ಕಾಯಿದೆಯು ನೂರು ವರ್ಷಗಳಿಗೆ ಕಡಿಮೆಯಿಲ್ಲದ, ಐತಿಹಾಸಿಕ ಅಥವಾ ಕಲಾತ್ಮಕ ಮಹತ್ವವುಳ್ಳ ರಚನೆಯನ್ನು ಸ್ಮಾರಕವೆಂದು ಗಣಿಸುತ್ತದೆ. ಆದರೆ ಸಂಸಾರಗಳು ವಾಸವಾಗಿರುವ, ಮಳೆಗೆ ಸೋರುವ ಮಾಳಿಗೆಯನ್ನು ಕಾಯಿದೆಯು ಉಳಿಸಲಾರದು. ಉಳಿಸಿರೆಂದು ಅವರಿಗೆ ಬುದ್ಧಿ ಹೇಳುವ ಅಧಿಕಾರವೂ ನಮಗಿಲ್ಲ. ಅವರಿಗೆ ಸೋರದ ಮನೆ ಬೇಕು. ಕಾಂಕ್ರೀಟು ಅದನ್ನು ಕೊಡುತ್ತದೆ.

ನಮ್ಮಿಂದಾಗುವ ಕೆಲಸವು ಬೇರೆ. ಹಳೆಯ ಮನೆಯನ್ನು ಕೆಡವಿದಾಗ ಕೆತ್ತನೆಯ ಕಂಬಕ್ಕೂ ಬಾಗಿಲಿಗೂ ಕೊಳ್ಳುವವರು ಬರುತ್ತಾರೆ. ಜಂತೆಯು ಒಲೆಗೆ ಹೋಗುತ್ತದೆ. ವಸ್ತುಸಂಗ್ರಹಾಲಯವು ಕಂಬವನ್ನು ಕಾಪಾಡಬಲ್ಲದು, ಆದರೆ ಒಂದು ಛಾವಣಿಯ ಲೆಕ್ಕಾಚಾರವನ್ನು ಕಾಪಾಡಲಾರದು. ಅದನ್ನು ಕಾಗದದ ಮೇಲೆ ಮಾತ್ರ ಉಳಿಸಬಹುದು. ಪ್ರತಿಯೊಂದು ಕಾಲೇಜಿನ ಇತಿಹಾಸ ತರಗತಿಯೂ ವರ್ಷಕ್ಕೆ ಒಂದು ಮನೆಯನ್ನು, ಯಜಮಾನರ ಅನುಮತಿಯಿಂದ, ಅಳೆಯಬಹುದು: ತೊಲೆಯ ಉದ್ದ, ಜಂತೆಗಳ ಸಂಖ್ಯೆ, ಎರಡು ಜಂತೆಗಳ ನಡುವಣ ಅಂತರ, ಮರದ ಜಾತಿ, ಮಣ್ಣಿನ ದಪ್ಪ, ಯಾವ ಅಂಗಣದಲ್ಲಿ ಕೆತ್ತಿದ ಮರ, ಯಾವುದರಲ್ಲಿ ದುಂಡುಮರ, ಬಡಗಿಯು ಬಳಸುತ್ತಿದ್ದ ಹೆಸರುಗಳು. ಇದಕ್ಕೆ ಅಳತೆಯ ಪಟ್ಟಿ, ನೋಟುಪುಸ್ತಕ ಮತ್ತು ಒಂದು ಹಗಲು ಸಾಕು. ಹೆಸರುಗಳನ್ನು ಬಲ್ಲ ಮುದ್ದೆಮಣ್ಣಿನ ಕೆಲಸಗಾರರೂ ಬಡಗಿಗಳೂ ಇನ್ನೂ ಇರುವಾಗಲೇ ಇದು ನಡೆಯಬೇಕು. ಉಂಡ ಮನೆಯ ಜಂತೆಯನ್ನು ಅತಿಥಿಯು ಎಣಿಸಬಾರದು ನಿಜ. ಇತಿಹಾಸವನ್ನು ಕಲಿಸುವವನು ಎಣಿಸದೆ ಬಿಟ್ಟರೆ ಮುಂದಿನ ತಲೆಮಾರಿನವರು ಐಹೊಳೆಯ ಕಲ್ಲನ್ನು ಮತ್ತೆ ಮರವೆಂದೇ ಓದುವರು.